ಏಡಿಯ ಚಿಪ್ಪು, ನಮ್ಮ ಅಂಗಡಿ

ಕಡಲ ಬದಿಯಲ್ಲಿ ಬೆಳೆದ ನಮಗೆ ‘ನಡೆಯುವ ಶಂಖ’ ಹೊಸತಲ್ಲ. ಎತ್ತಿ ನೋಡಿದರೆ ಒಳಗಿರುವುದು ಏಡಿ. ಕನ್ನಡದಲ್ಲಿ ಸನ್ಯಾಸಿ ಏಡಿ ಎನ್ನುತ್ತಾರೆ. ಇದರ ಹಿಂಭಾಗ ಮೆತ್ತಗೆ, ಸ್ವಂತ ಚಿಪ್ಪು ಇಲ್ಲ. ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪೇ ಮನೆ. ಮೈ ಬೆಳೆದಂತೆ ದೊಡ್ಡ ಚಿಪ್ಪು ಹುಡುಕಬೇಕು. ಜಪಾನಿನವರು ಇದನ್ನು ‘ಯಾದೊಕಾರಿ’ ಎನ್ನುತ್ತಾರೆ. ಎರವಲು ಮನೆಯವ ಎಂದರ್ಥ.

ಅಮೆರಿಕದ ಕಡಲ ತೀರದ ಅಂಗಡಿಗಳಲ್ಲಿ ಕೆರಿಬಿಯನ್ ಕಡೆಯಿಂದ ಹಿಡಿದು ತಂದ ಈ ಏಡಿಗಳನ್ನು ಸಾಕಲು ಮಾರುತ್ತಾರೆ. ಚಿಪ್ಪಿನ ಮೇಲೆ ಫುಟ್‌ಬಾಲ್, ಬಾವುಟ, ಕಾರ್ಟೂನ್ ಚಿತ್ರ. ನಾನೂ ಅಂಗಡಿಯವರ ಮಗ, ಗಿರಾಕಿಯ ಕಣ್ಣು ಮೊದಲು ಬಣ್ಣಕ್ಕೆ ಹೋಗುತ್ತದೆಂದು ಗೊತ್ತು. ಆದರೆ ಬಣ್ಣ ಎದ್ದು ಬಂದರೆ ಏಡಿ ಅದನ್ನು ತಿನ್ನುತ್ತದೆ. ಅದಕ್ಕೆ ಬೇಕಾದದ್ದು ಒಳಗಿನ ಅಳತೆ, ಬಾಯಿಯ ಆಕಾರ, ಹಗುರವಾದ ತೂಕ. ಹೊರಗಿನ ಚಿತ್ರ ಕೊಳ್ಳುವವನಿಗೆ ಮಾತ್ರ.

ಜಪಾನಿನ ಕಲಾವಿದೆ ಆಕಿ ಇನೊಮಾತಾ ಇದನ್ನು ಬೇರೆ ರೀತಿ ಮಾಡಿದರು. 2009ರಲ್ಲಿ ಟೋಕಿಯೊದ ಹಳೆಯ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಒಂದು ಕಲಾ ಪ್ರದರ್ಶನ ನಡೆಯಿತು. ಆ ಜಾಗ ಫ್ರಾನ್ಸಿನಿಂದ ಜಪಾನಿಗೆ ಹೋಗಿ 50 ವರ್ಷದ ಮೇಲೆ ಮರಳುತ್ತದೆ ಎಂದು ಕೇಳಿದಾಗ ಅವರಿಗೆ ಚಿಪ್ಪು ಬದಲಿಸುವ ಏಡಿಯ ನೆನಪಾಯಿತು. ಖಾಲಿ ಚಿಪ್ಪನ್ನು ಸಿ.ಟಿ. ಸ್ಕ್ಯಾನ್ ಮಾಡಿ, ಒಳಗಿನ ಸುರುಳಿ ಹಾಗೆಯೇ ಉಳಿಸಿ, ಮೇಲೆ ನ್ಯೂಯಾರ್ಕಿನಂಥ ಊರುಗಳ ಕಟ್ಟಡಗಳನ್ನು ಕೂರಿಸಿ ತ್ರೀಡಿ ಪ್ರಿಂಟರಿನಲ್ಲಿ ಪಾರದರ್ಶಕ ಚಿಪ್ಪು ಮಾಡಿದರು. ಡಿಪ್ಲೊಮಾದಲ್ಲಿ ಮೆಕ್ಯಾನಿಕಲ್ ಓದಿದ ನನಗೆ ಇಷ್ಟವಾದದ್ದು ಇದೇ: ಹೊರಗೆ ಏನು ಬೇಕಾದರೂ ಮಾಡಿ, ಒಳಗಿನ ಅಳತೆ ತಪ್ಪಬಾರದು. ಹೊಕ್ಕುವುದೋ ಬಿಡುವುದೋ ಏಡಿಗೆ ಬಿಟ್ಟದ್ದು.

ಆ ಜಾಗದ ಕಥೆ ಓದುವಾಗ ನನಗೆ ಕಾಸರಗೋಡು ನೆನಪಾಯಿತು. ನಮ್ಮ ಅಂಗಡಿ ಅಜ್ಜನ ಕಾಲದ್ದು. ಆಗ ಅದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಿಂದ ಕೇರಳದಲ್ಲಿದೆ. ಅಂಗಡಿ ಒಂದಡಿಯೂ ಸರಿದಿಲ್ಲ. ಏಡಿ ತಾನೇ ಚಿಪ್ಪು ಬದಲಿಸುತ್ತದೆ. ನಾವು ಇದ್ದಲ್ಲೇ ಇದ್ದೆವು, ಮೇಲಿನ ಚಿಪ್ಪು ಬದಲಾಯಿತು. ಬೋರ್ಡಿಗೆ ಮಲಯಾಳಂ ಬಂತು. ಒಳಗೆ ಮಾತು ಬ್ಯಾರಿ, ಲೆಕ್ಕ ಕನ್ನಡ.

ಹೋದ ವರ್ಷ ಅಂಗಡಿ ರಿಪೇರಿ ಮಾಡುವಾಗ ಅಜ್ಜನ ಲೆಕ್ಕದ ಪುಸ್ತಕಗಳನ್ನು ಗುಜರಿಗೆ ಹಾಕಲು ನಾನೇ ಕಟ್ಟಿಟ್ಟಿದ್ದೆ. “ಬೋರ್ಡು ಹೊಸತು ಮಾಡು, ಅದನ್ನು ಮುಟ್ಟಬೇಡ” ಎಂದು ಉಪ್ಪ ತಡೆದರು. ಈಗ ಅವು ನನ್ನ ಕಪಾಟಿನಲ್ಲಿವೆ. ಯಾರು ಎಷ್ಟು ಅಕ್ಕಿ ಸಾಲ ಕೊಂಡುಹೋದರು ಎಂಬುದೂ ಕನ್ನಡದಲ್ಲೇ ಇದೆ. ನಿಮ್ಮ ಮನೆಯ ಅಟ್ಟದಲ್ಲೂ ಅಂಥದ್ದು ಇರಬಹುದು. ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ.