ಎಂಜಿನ್ ಬದಲಾಯಿತು, ಸ್ಪ್ರಿಂಗು ಯಾವಾಗ?

ಕಲ್ಯಾಣ–ಶಿಲ್ ರಸ್ತೆಯಲ್ಲಿ ಡೊಂಬಿವಲಿಯ ಬದಿಗೆ ಓಡಾಡುವವರಿಗೆ ‘ಪ್ರೀಮಿಯರ್ ಮೈದಾನ’ವೆಂಬ ಹೆಸರು ಪರಿಚಿತ. ಆ ಹೆಸರಿನ ಹಿಂದೆ ಒಂದು ಕಾರು ಕಾರ್ಖಾನೆ ಇದ್ದಿತೆಂಬುದು ನಮ್ಮ ಬಳಗದ ಕಿರಿಯರಲ್ಲಿ ಹೆಚ್ಚಿನವರಿಗೆ ತಿಳಿಯದು. ಇದೇ ಕಿರಿಯರು ಈಗ ವೇಗದ ಕಾರುಗಳನ್ನು ಕೊಳ್ಳುತ್ತಿದ್ದಾರೆ. ಕೊಂಡ ಆರು ತಿಂಗಳಿಗೆ ಸಸ್ಪೆನ್ಷನ್ ಬದಲಿಸುವ ಮಾತು ಎತ್ತುತ್ತಾರೆ. ಯಾವಾಗ ಬದಲಿಸಬೇಕು, ಏನನ್ನು ಬದಲಿಸಬೇಕು ಎಂಬ ಈ ಪ್ರಶ್ನೆ ಅವರೆಣಿಸಿರುವಷ್ಟು ಹೊಸದಲ್ಲ. ಕುರ್ಲಾದಿಂದ ಡೊಂಬಿವಲಿಯವರೆಗಿನ ಈ ರೈಲು ಹಾದಿಯ ಕಾರು ತಯಾರಿಕೆ ಅರ್ಧ ಶತಮಾನ ಕಾಲ ಅದನ್ನೇ ಎದುರಿಸಿತು, ಬಹುಪಾಲು ತಪ್ಪಿಸಿಕೊಂಡಿತು.

ಕಥೆಯ ಬೇರು ನಮ್ಮ ನಾಡಿನಲ್ಲಿಯೂ ಇದೆ. ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಲೇಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವೆ ಯುರೋಪು, ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರು. ಅದರಲ್ಲಿ ಅವರೊಂದಿಗೆ ನಿಂತ ಉದ್ಯಮಿ ವಾಲಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಒತ್ತಾಸೆ ನೀಡಲಿಲ್ಲ. 1939ರಲ್ಲಿ ಕಾರಿನ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿದ್ದ ವಾಲಚಂದರಿಗೆ ಮರಳುವ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನನ ಪರಿಚಯವಾಗಿ, ಅದರ ಫಲವಾಗಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದಿತು. ಕಾರು ಕಾರ್ಖಾನೆ ಮಾತ್ರ ಮುಂಬಯಿಯ ಪಾಲಾಯಿತು: 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ ಕುರ್ಲಾದಲ್ಲಿ ಮೊದಲು ಅಮೆರಿಕದ ಗಾಡಿಗಳ ಜೋಡಣೆ, 1950ರ ದಶಕದಲ್ಲಿ ಇಟಲಿಯ ಫಿಯಟ್.

ಆ ಫಿಯಟ್ 1100 ತನ್ನ ಕಾಲಕ್ಕೆ ಚುರುಕಿನ ಗಾಡಿ. ಮುಂದಿನ ಎರಡು ಚಕ್ರಗಳು ಒಂದರ ಹಂಗು ಒಂದಕ್ಕಿಲ್ಲದಂತೆ ಸುರುಳಿ ಸ್ಪ್ರಿಂಗುಗಳ ಮೇಲೆ ಆಡುತ್ತಿದ್ದವು. ಹಿಂದೆ ಮಾತ್ರ ಗಟ್ಟಿ ಆಕ್ಸಲ್ಲು, ಅದರಡಿ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು. ಮುಂಬಯಿ ಗ್ಯಾರೇಜುಗಳ ಮಾತಿನಲ್ಲಿ ‘ಪಾಟಾ’. ಈ ಪಟ್ಟಿಯನ್ನು ಹಳೆಯದೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಮಾಡುವ ಕೆಲಸ ಒಂದಲ್ಲ. ಭಾರ ಹೊರುತ್ತದೆ, ಆಕ್ಸಲ್ಲು ಹಿಂದೆಮುಂದೆ ಸರಿಯದಂತೆ ಹಿಡಿಯುತ್ತದೆ, ಪಟ್ಟಿಗಳು ಪರಸ್ಪರ ಉಜ್ಜಿಕೊಳ್ಳುವುದರಿಂದ ಕುಲುಕಾಟವನ್ನೂ ಒಂದಿಷ್ಟು ತಡೆಯುತ್ತದೆ. ಟ್ಯಾಕ್ಸಿಯವರು ಹೆಚ್ಚು ಸಾಮಾನು ಹೊರಬೇಕಾದಾಗ ಒಂದು ಪಾಟಾ ಹೆಚ್ಚಿಗೆ ಹಾಕಿಸುತ್ತಿದ್ದರು. ಆ ಕಾಲದ ಸಸ್ಪೆನ್ಷನ್ ಸುಧಾರಣೆಯೆಂದರೆ ಅಷ್ಟೇ.

ಇಟಲಿಯಲ್ಲಿ 1100-ಡಿ ಮಾದರಿ 1966ಕ್ಕೆ ಮುಗಿಯಿತು. ನಮ್ಮಲ್ಲಿ ಅದೇ ಗಾಡಿ ಪ್ರೆಸಿಡೆಂಟ್ ಎನಿಸಿ, 1974ರಿಂದ ಪದ್ಮಿನಿಯಾಗಿ, ಶತಮಾನದ ಅಂಚಿನವರೆಗೂ ಓಡಿತು. ಕೊಳ್ಳುವವರು ವರ್ಷಗಟ್ಟಲೆ ಸರದಿಯಲ್ಲಿ ನಿಂತಿದ್ದಾಗ ಸ್ಪ್ರಿಂಗು ಬದಲಿಸುವ ತುರ್ತು ತಯಾರಕನಿಗೆ ಯಾಕಿದ್ದೀತು? ಲೈಸೆನ್ಸ್ ರಾಜ್ಯದ ಬಗ್ಗೆ ಬರೆಯುವ ಅರ್ಥಶಾಸ್ತ್ರಜ್ಞರು ಉಕ್ಕು, ಸಿಮೆಂಟುಗಳ ಲೆಕ್ಕ ಹೇಳುತ್ತಾರೆ. ನಮ್ಮ ತಲೆಮಾರಿನ ಬೆನ್ನುಮೂಳೆಯ ಲೆಕ್ಕವನ್ನೂ ಅದಕ್ಕೆ ಸೇರಿಸಬಹುದಿತ್ತು.

1985ರಲ್ಲಿ ಬಂದ 118-ಎನ್‌ಇ ಈ ಇತಿಹಾಸದ ಮುಖ್ಯ ಅಧ್ಯಾಯವೆಂದು ನಮ್ಮ ಅಭಿಪ್ರಾಯ. ಹೆಸರಿನಲ್ಲೇ ಅದರ ಜಾತಕವಿದೆ: ನಿಸಾನ್ ಎಂಜಿನ್. ಒಡಲು ಮಾತ್ರ ಫಿಯಟ್ 124, ಎಂದರೆ 1966ರ ಇಟಾಲಿಯನ್ ವಿನ್ಯಾಸ. ಮಾರುತಿಯ ಭರಾಟೆಗೆ ಉತ್ತರವಾಗಿ ಜಪಾನಿನ ಹೃದಯ ತಂದು ಹತ್ತೊಂಬತ್ತು ವರ್ಷ ಹಳೆಯ ಮೈಗೆ ಕೂಡಿಸಿದರು. ವಿನೋದವೆಂದರೆ ಆ ಹಳೆಯ ಮೈಯ ಸಸ್ಪೆನ್ಷನ್ ಪದ್ಮಿನಿಗಿಂತ ಒಂದು ತಲೆಮಾರು ಮುಂದಿತ್ತು. ಹಿಂದೆಯೂ ಸುರುಳಿ ಸ್ಪ್ರಿಂಗು. ಆಕ್ಸಲ್ಲನ್ನು ಹಿಡಿಯಲು ಬೇರೆಯೇ ತೋಳುಗಳು. ಅಡ್ಡಕ್ಕೆ ಜಾರದಂತೆ ಪ್ಯಾನ್‌ಹಾರ್ಡ್ ಸಲಾಕೆ. ಪಟ್ಟಿಯೊಂದೇ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮೂರು ಕೈಗಳಿಗೆ ಹಂಚಲಾಗಿತ್ತು. ಆದ್ದರಿಂದಲೇ ಪದ್ಮಿನಿಯ ಪಾಟಾ ಬಿಚ್ಚಿ ಸುರುಳಿ ಸ್ಪ್ರಿಂಗು ಕೂಡಿಸಿದರೆ 118 ಆಗಿಬಿಡುವುದಿಲ್ಲ. ಆಕ್ಸಲ್ಲನ್ನು ಹಿಡಿಯುವವರೇ ಇರುವುದಿಲ್ಲ. ಬಿಡಿಭಾಗವೊಂದನ್ನು ಬದಲಿಸುವವನು ಅದು ಸದ್ದಿಲ್ಲದೆ ಮಾಡುತ್ತಿದ್ದ ಇತರ ಕೆಲಸಗಳನ್ನೂ ಕೇಳಿಕೊಳ್ಳಬೇಕು. ಇಂದಿನ ಕಾರುಗಳಿಗೂ ಈ ಮಾತು ಸಲ್ಲುತ್ತದೆ. ಮ್ಯಾಕ್‌ಫರ್ಸನ್ ಮಾದರಿಯಲ್ಲಿ ಮುಂದಿನ ಶಾಕಪ್ ಬರಿಯ ಶಾಕಪ್ ಅಲ್ಲ, ಚಕ್ರವನ್ನು ನೆಟ್ಟಗೆ ನಿಲ್ಲಿಸುವ ಕಂಬವೂ ಹೌದು.

ಗಟ್ಟಿ ಸ್ಪ್ರಿಂಗಿನ ಮೋಹ ಎಲ್ಲಿಂದ ಬಂದಿತು? ನಮ್ಮ ದೇಶದ ಕಾರು ಪಂದ್ಯಗಳು ಬಹುಕಾಲ ನಡೆದದ್ದು ವಿಮಾನಗಳ ಓಡುದಾರಿಗಳಲ್ಲಿ: ಮುಂಬಯಿಯ ಜುಹೂ, ಮದರಾಸಿನ ಬಳಿಯ ಶೋಲಾವರಂ. ಅಲ್ಲಿ ನೆಲ ಅಂಗೈಯಂತೆ ಸಮ. ತಗ್ಗಿಸಿದ, ಬಿಗಿಗೊಳಿಸಿದ ಫಿಯಟ್‌ಗಳು ಅಲ್ಲಿ ತಿರುವುಗಳಲ್ಲಿ ಕಡಿಮೆ ವಾಲುತ್ತಿದ್ದವು, ಗೆಲ್ಲುತ್ತಿದ್ದವು. ರ‍್ಯಾಲಿಯವರ ವಿದ್ಯೆ ಬೇರೆ. 1980ರಲ್ಲಿ ಆರಂಭವಾದ ಹಿಮಾಲಯನ್ ರ‍್ಯಾಲಿಯಂಥ ಪಂದ್ಯಗಳಲ್ಲಿ ಚಕ್ರ ಮೇಲೆಕೆಳಗೆ ಚಲಿಸಲು ಎಡೆ ಬೇಕು, ಗಾಡಿ ಎತ್ತರವಿರಬೇಕು. ಬೀದಿಗೆ ಇಳಿದು ಫ್ಯಾಷನ್ ಆದದ್ದು ಮಾತ್ರ ಓಡುದಾರಿಯ ವಿದ್ಯೆ. ನಮ್ಮ ಬೀದಿಗೆ ಹೊಂದುತ್ತಿದ್ದುದು ರ‍್ಯಾಲಿಯ ವಿದ್ಯೆ.

ಇನ್ನು ಡೊಂಬಿವಲಿಯ ಕಾರ್ಖಾನೆ. ಕಾಗದಪತ್ರಗಳಲ್ಲಿ ‘ಕಲ್ಯಾಣ ಘಟಕ’ವೆಂದೇ ಹೆಸರಾದ ಇಲ್ಲಿ 1990ರ ದಶಕದ ನಡುವೆ ಫ್ರಾನ್ಸಿನ ಪೆಜೊ ಜೊತೆಗೂಡಿ 309 ಮಾದರಿಯ ಕಾರು ತಯಾರಾಯಿತು. ಅದರ ಹಿಂಬದಿಯಲ್ಲಿ ಪಟ್ಟಿಯೂ ಇಲ್ಲ, ಸುರುಳಿಯೂ ಇಲ್ಲ. ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸಲಾಕೆಗಳು. ಇದರ ಯುರೋಪಿನ ಒಡಹುಟ್ಟು 309 ಜಿಟಿಐ ತಿರುವುಗಳಲ್ಲಿ ಹೆಸರು ಮಾಡಿದ ಗಾಡಿ. ಡೊಂಬಿವಲಿಯಲ್ಲಿ ಹುಟ್ಟಿದ 309 ಅಷ್ಟು ಬಲದ್ದಲ್ಲ, ಆದರೆ ಮೈಯ ಮೂಲ ರಚನೆ ಅದೇ. ಕಾರ್ಮಿಕ ಕಲಹ, ಪಾಲುದಾರರ ಬಿಕ್ಕಟ್ಟುಗಳ ನಡುವೆ ಆ ದಶಕ ಮುಗಿಯುವ ಮೊದಲೇ ಫ್ರೆಂಚರು ಹೊರಟುಹೋದರು. ಆ ಕಾರಿನ ಹಿಂದಿನ ತೋಳುಗಳೊಳಗಿನ ಬೇರಿಂಗು ಸವೆದರೆ ಚಕ್ರಗಳ ತಲೆ ಒಳಗೆ ವಾಲುತ್ತದೆ. ಯುರೋಪಿನಲ್ಲಿಯೂ ಪ್ರಸಿದ್ಧವಾದ ದೋಷವಿದು. ಅಲ್ಲಿ ಬದಲಿ ಭಾಗ ಸಿಕ್ಕುತ್ತಿತ್ತು. ಇಲ್ಲಿ ತಯಾರಕನೇ ಇಲ್ಲದ ಮೇಲೆ ಆ ಅತ್ಯುತ್ತಮ ಸಸ್ಪೆನ್ಷನ್ ಒಡೆಯನಿಗೆ ಹೊರೆಯಾಯಿತು. ಪದ್ಮಿನಿಯ ಪಾಟಾವನ್ನಾದರೆ ಕಲ್ಯಾಣದ ಯಾವ ಕಮ್ಮಾರನೂ ಕಾಯಿಸಿ ಬಡಿದು ಮತ್ತೆ ಕಮಾನು ತರುತ್ತಿದ್ದ. ಐದು ವರ್ಷಗಳ ಬಳಿಕ ಈ ಭಾಗ ಯಾರ ಬಳಿ ಸಿಕ್ಕೀತು ಎಂಬ ಪ್ರಶ್ನೆಯನ್ನು ದುಬಾರಿ ವಿದೇಶಿ ಕಿಟ್ ತರಿಸುವ ಕಿರಿಯರಿಗೆ ನಾವು ಕೇಳುವುದು ಈ ಕಾರಣಕ್ಕೆ.

ಅವರ ಕಾರುಗಳು ಓಡುವುದೆಲ್ಲಿ? ಭಾನುವಾರ ಬೆಳಗಿನ ಜಾವ ವಾಶಿಯಿಂದ ಬೇಲಾಪುರದವರೆಗಿನ ಪಾಮ್ ಬೀಚ್ ರಸ್ತೆಯಲ್ಲಿ. ಉಳಿದ ಆರು ದಿನ ಕಲ್ಯಾಣ–ಶಿಲ್ ರಸ್ತೆಯ ಮಳೆಗಾಲದ ಹೊಂಡಗಳಲ್ಲಿ, ಘೋಡಬಂದರ್ ರಸ್ತೆಯ ಲಾರಿಗಳ ಸಾಲಿನಲ್ಲಿ. ಮೇ ತಿಂಗಳು ಬಂದರೆ ಡಿಕ್ಕಿ ತುಂಬಿಕೊಂಡು ಊರಿಗೆ. ಬಯಲುಸೀಮೆಯವರು ಕೊಲ್ಲಾಪುರ, ನಿಪ್ಪಾಣಿಯ ಮೇಲೆ. ಕರಾವಳಿಯವರು ಪನವೇಲಿನಿಂದ ಕಶೇಡಿ ಘಾಟು ದಾಟಿ. ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಕ್ಕಳು. ರಸ್ತೆ ಉಬ್ಬಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತುಮಾಡಿದ ಎತ್ತರ 10 ಸೆಂಟಿಮೀಟರು. ನಮ್ಮ ಬಡಾವಣೆಗಳ ಉಬ್ಬುಗಳು ಆ ಪುಸ್ತಕ ಓದಿದಂತೆ ಕಾಣುವುದಿಲ್ಲ. ಕಾರನ್ನು 3 ಸೆಂಟಿಮೀಟರು ತಗ್ಗಿಸಿದವರಿಗೆ ಮೊದಲು ತಾಗುವುದು ಅಲ್ಲಿಯೇ, ಅದೂ ತುಂಬಿದ ಗಾಡಿಯಲ್ಲಿ. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮು ನೋಂದಣಿ ಪತ್ರದ ಮೂಲ ವಿವರಗಳಿಗೆ ಭಿನ್ನವಾದ ಮಾರ್ಪಾಡನ್ನು ತಡೆಯುತ್ತದೆ ಎಂಬುದನ್ನೂ ನೆನಪಿಸುತ್ತೇವೆ. ಸರ್ಕಾರಿ ನೌಕರಿಯ ಅಭ್ಯಾಸಬಲ.

ಹಾಗಾದರೆ ಯಾವಾಗ? ಎಂಜಿನ್ ಬಲ ಹೆಚ್ಚಿದಾಗಲ್ಲ, ಹಳೆಯ ಭಾಗ ತನ್ನ ಕೆಲಸ ನಿಲ್ಲಿಸಿದಾಗ. ಉಬ್ಬು ದಾಟಿದ ಮೇಲೆ ಗಾಡಿ ಒಂದೇ ಸಲಕ್ಕೆ ನೆಲೆಗೊಳ್ಳದೆ ತೂಗಿದರೆ, ಶಾಕಪ್ಪಿನ ಮೈಮೇಲೆ ಎಣ್ಣೆ ಇಳಿದಿದ್ದರೆ, ಟೈರು ಅಲ್ಲಲ್ಲಿ ಮಾತ್ರ ಸವೆದಿದ್ದರೆ ಹೊತ್ತು ಬಂದಿದೆ. ಆಗಲೂ ಮೊದಲು ರಬ್ಬರು ಬುಷ್ಷುಗಳು, ಆಮೇಲೆ ಒಂದು ಮೆಟ್ಟಿಲು ಉತ್ತಮ ಶಾಕಪ್, ಎಡಬಲ ಜೊತೆಯಾಗಿ. ಸ್ಪ್ರಿಂಗು ಕಟ್ಟಕಡೆಗೆ, ಅದೂ ಆ ಶಾಕಪ್ಪಿಗೆ ಹೊಂದಿಕೆಯಾಗುವುದಿದ್ದರೆ. ಸ್ಪ್ರಿಂಗು ಕತ್ತರಿಸಿ ತಗ್ಗಿಸುವ ಗ್ಯಾರೇಜಿನ ಬಾಗಿಲಿಗೆ ಹೋಗುವುದೇ ಬೇಡ. ಮೆಕ್ಯಾನಿಕ್ ಹೊಸ ಬುಷ್ಷುಗಳ ಬೋಲ್ಟನ್ನು ಗಾಡಿ ಜ್ಯಾಕಿನ ಮೇಲೆ ತೂಗಾಡುತ್ತಿರುವಾಗಲೇ ಪೂರ್ತಿ ಬಿಗಿದರೆ, ಚಕ್ರ ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಂಡೇ ನಿಲ್ಲುತ್ತದೆ, ಬೇಗ ಹರಿಯುತ್ತದೆ. ಗಾಡಿಯನ್ನು ಇಳಿಸಿ, ನಾಲ್ಕು ಚಕ್ರಗಳ ಮೇಲೆ ಅದರ ಸಹಜ ಎತ್ತರಕ್ಕೆ ನಿಲ್ಲಿಸಿದ ಮೇಲೆಯೇ ಕೊನೆಯ ಬಿಗಿ ಕೊಡಬೇಕೆಂದು ಎದುರಿಗೆ ನಿಂತು ಹೇಳಬೇಕು. ಚಕ್ರದ ಅಲೈನ್‌ಮೆಂಟು ಅದಾದ ನಂತರ.