ಪಿಕಪ್ ವಾಹನದ ಬ್ರೇಕ್: ದೋಷ ಪತ್ತೆ ಮತ್ತು ದುರಸ್ತಿ

ಹೊಸೂರಿನ ಗುಲಾಬಿ, ರಾಯಕೋಟೆಯ ಟೊಮೆಟೊ, ಕೃಷ್ಣಗಿರಿಯ ಮಾವು ಮಾರುಕಟ್ಟೆಗೆ ಹೋಗುವುದು ಹೆಚ್ಚಾಗಿ ಪಿಕಪ್ ವಾಹನಗಳಲ್ಲಿ. ಆದರೆ ಈ ಭಾಗದ ರಸ್ತೆಗಳು ಸಮತಟ್ಟಲ್ಲ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ, ಸುಮಾರು 50 ಕಿ.ಮೀ. ದೂರದ ಕೃಷ್ಣಗಿರಿ ಅದಕ್ಕಿಂತ ಸಾಕಷ್ಟು ತಗ್ಗಿನಲ್ಲಿದೆ. ಸೇಲಂ ಕಡೆಗೆ ಮುಂದುವರಿದರೆ ಧರ್ಮಪುರಿ ಜಿಲ್ಲೆಯ ತೊಪ್ಪೂರು ಘಾಟ್ ಎದುರಾಗುತ್ತದೆ. ಅಪಘಾತಗಳಿಗೆ ಹೆಸರಾದ ಇಳಿಜಾರು ಅದು. ಊರೊಳಗೆ ಚೆನ್ನಾಗಿ ಹಿಡಿಯುವ ಬ್ರೇಕ್ ಇಂಥ ಕಡೆ ಕೈಕೊಡಬಹುದು.

2011ರಲ್ಲಿ ಮಾರುಕಟ್ಟೆಗೆ ಬಂದ, ಹೊಸೂರಿನಲ್ಲೇ ತಯಾರಾಗುವ ಅಶೋಕ್ ಲೇಲ್ಯಾಂಡ್ ದೋಸ್ತ್ ಸೇರಿದಂತೆ ಬಹುತೇಕ ಪಿಕಪ್‌ಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುತ್ತದೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್‌ನಿಂದ ಬ್ರೇಕ್ ಆಯಿಲ್ ಒತ್ತಡದಿಂದ ನಾಲ್ಕೂ ಚಕ್ರಗಳಿಗೆ ಹರಿಯುತ್ತದೆ.

ಲಕ್ಷಣ ಮತ್ತು ಕಾರಣ

* ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ: ಪೈಪಿನಲ್ಲಿ ಗಾಳಿ ಸೇರಿದೆ.
* ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿದರೆ: ಎಲ್ಲೋ ಆಯಿಲ್ ಸೋರುತ್ತಿದೆ. ಹೊರಗೆ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಸವೆದಿರಬಹುದು.
* ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ: ಬೂಸ್ಟರ್ ಪರೀಕ್ಷಿಸಬೇಕು. ಇಂಜಿನ್ ಆಫ್ ಮಾಡಿ ನಾಲ್ಕೈದು ಬಾರಿ ಪೆಡಲ್ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ.
* ವಾಹನ ಒಂದು ಪಕ್ಕಕ್ಕೆ ಎಳೆದರೆ: ಒಂದು ಬದಿಯ ಕ್ಯಾಲಿಪರ್ ಜಾಮ್ ಆಗಿರಬಹುದು, ಇಲ್ಲವೇ ಲೈನರ್ ಮೇಲೆ ಎಣ್ಣೆ ಬಿದ್ದಿರಬಹುದು. ಮೊದಲು ಟೈರಿನ ಗಾಳಿ ನೋಡಿ.
* ಕಬ್ಬಿಣ ಉಜ್ಜಿದ ಸದ್ದು ಬಂದರೆ: ಪ್ಯಾಡ್ ಪೂರ್ತಿ ಸವೆದಿದೆ. ವಾಹನ ಓಡಿಸಬೇಡಿ.
* ಪೆಡಲ್ ಅದುರಿದರೆ: ಡಿಸ್ಕ್ ಬಾಗಿದೆ ಅಥವಾ ಡ್ರಮ್ ದುಂಡಗಿನ ಆಕಾರ ಕಳೆದುಕೊಂಡಿದೆ.

ಇಳಿಜಾರಿನಲ್ಲಿ ಮಾತ್ರ ಕಾಣುವ ದೋಷ

ಘಾಟ್ ಇಳಿಯುವಾಗ ಪೆಡಲ್ ಒಮ್ಮೆಲೇ ತಳ ಮುಟ್ಟುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿಯಾಗುತ್ತದೆ. ಮೆಕ್ಯಾನಿಕ್ ನೋಡಿದಾಗ ಏನೂ ತೊಂದರೆ ಸಿಗುವುದಿಲ್ಲ. ಇಲ್ಲಿ ಅನುಮಾನಿಸಬೇಕಾದದ್ದು ಹಳೆಯ ಬ್ರೇಕ್ ಆಯಿಲನ್ನು. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಶಾಖದವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಸೇರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155 ಡಿಗ್ರಿ. ಸತತ ಬ್ರೇಕಿನ ಬಿಸಿಗೆ ಆಯಿಲ್ ಕುದಿದು ಆವಿಯಾದರೆ ಚಕ್ರಕ್ಕೆ ಒತ್ತಡ ತಲುಪುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಬೇಕು. ಕಡಿಮೆಯಾದಷ್ಟು ಮೇಲೆ ಸುರಿದರೆ ಸಾಲದು.

ದುರಸ್ತಿಯಲ್ಲಿ ಗಮನಿಸಬೇಕಾದದ್ದು

ಪ್ಯಾಡ್, ಲೈನರ್‌ಗಳನ್ನು ಎರಡೂ ಬದಿಗೆ ಒಟ್ಟಿಗೇ ಬದಲಿಸಬೇಕು. ಡ್ರಮ್ಮನ್ನು ಲೇತ್‌ನಲ್ಲಿ ಕಡೆಯಿಸುವಾಗ ಅದರ ಮೇಲೆ ಕೊರೆದ ಗರಿಷ್ಠ ಅಳತೆ ಮೀರಬಾರದು. ಏರ್ ತೆಗೆಯುವುದನ್ನು ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಆರಂಭಿಸುತ್ತಾರೆ. ಇಂಜಿನ್ ಆಯಿಲ್ ಅಪ್ಪಿತಪ್ಪಿಯೂ ಬೆರೆಯಬಾರದು, ರಬ್ಬರ್ ಉಬ್ಬಿ ಹಾಳಾಗುತ್ತದೆ. ಹಲವು ಪಿಕಪ್‌ಗಳಲ್ಲಿ ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕ್ ಒತ್ತಡ ಬದಲಿಸುವ ವಾಲ್ವ್ ಇದೆ. ಹೆಚ್ಚು ಭಾರ ಹೇರಲು ಹೆಚ್ಚುವರಿ ಪ್ಲೇಟ್ ಹಾಕಿಸಿದರೆ ಅದರ ಸೆಟ್ಟಿಂಗ್ ತಪ್ಪಿ, ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ.

ಚಾಲಕರಿಗೆ

ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ, ಇಂಜಿನ್ ಆಫ್ ಮಾಡಬೇಡಿ. ಇಂಜಿನ್ ನಿಂತರೆ ಬೂಸ್ಟರ್ ನೆರವೂ ನಿಲ್ಲುತ್ತದೆ. ಬ್ರೇಕ್ ಹೋದರೆ ಪೆಡಲನ್ನು ಬೇಗ ಬೇಗ ಒತ್ತಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆಯಿರಿ. ಒಮ್ಮೆ ಹೀಗಾದ ವಾಹನವನ್ನು ಪೆಡಲ್ ತಾನಾಗಿ ಸರಿಹೋಯಿತೆಂದು ಮತ್ತೆ ಲೋಡಿಗೆ ಕಳುಹಿಸಬಾರದು.