ದೇಶ ಸುತ್ತಿ ಕಲಿತ ಸರಳತೆ

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ದಾರಿಯಲ್ಲಿ ಸಿಕ್ಕುವ ವಿಚಿತ್ರ ಮನುಷ್ಯರನ್ನು ಕಡೆಗಣಿಸಬೇಡ ಎಂಬ ಮೂರನೆಯ ಮಾತೊಂದನ್ನು ನಾನು ಅದಕ್ಕೆ ಸೇರಿಸಬಯಸುತ್ತೇನೆ. ನಾನು ಚರಿತ್ರೆಯ ಪಾಠ ಹೇಳುತ್ತಿದ್ದ ಕಾಲದಲ್ಲಿ ಗಾಂಧೀಜಿಯವರ ಸರಳ ಜೀವನವನ್ನು ಪಠ್ಯಪುಸ್ತಕವು ಒಂದೇ ವಾಕ್ಯದಲ್ಲಿ ಮುಗಿಸುತ್ತಿತ್ತು. ಅದು ಅವರಿಗೆ ಹುಟ್ಟಿನಿಂದಲೇ ಬಂದ ಗುಣವೆಂದು ಓದಿದವರು ಭಾವಿಸುವುದು ಸಹಜ. ವಾಸ್ತವದಲ್ಲಿ ಅದರ ಬಹುಭಾಗವನ್ನು ಅವರು ಪರದೇಶಗಳಲ್ಲಿ, ಸಾಮಾನ್ಯ ಬಾಳಿನ ದಾರಿಯಿಂದ ಸರಿದು ನಿಂತ ಜನರಿಂದ ಕಲಿತರು.

1888ರಲ್ಲಿ ಲಂಡನ್ನಿಗೆ ಹೋದ ತರುಣನಿಗೆ ತಾಯಿಗೆ ಕೊಟ್ಟ ಮಾತನ್ನು ಉಳಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ಳುವುದೇ ಕಷ್ಟವಾಗಿತ್ತು. ಅಲೆದಲೆದು ಫ್ಯಾರಿಂಗ್ಡನ್ ರಸ್ತೆಯಲ್ಲಿ ಒಂದು ಸಸ್ಯಾಹಾರಿ ಭೋಜನಗೃಹ ಸಿಕ್ಕಿತು. ಅಲ್ಲಿಯೇ ಒಂದು ಷಿಲಿಂಗ್ ಕೊಟ್ಟು ಕೊಂಡ ಪುಸ್ತಕ ಹೆನ್ರಿ ಸಾಲ್ಟ್ ಎಂಬವರದು. ಸಾಲ್ಟ್ ನಮ್ಮಂತೆಯೇ ಮೇಷ್ಟರು. ಆದರೆ ಶ್ರೀಮಂತರ ಮಕ್ಕಳು ಕಲಿಯುವ ಪ್ರಖ್ಯಾತ ಈಟನ್ ಶಾಲೆಯವರು. 1884ರಲ್ಲಿ ಆ ಕೆಲಸಕ್ಕೆ ರಾಜೀನಾಮೆಯಿತ್ತು ಸರ್ರೆಯ ಹಳ್ಳಿಗಾಡಿನ ಸಣ್ಣ ಮನೆಯೊಂದಕ್ಕೆ ಹೋದರು. ಅಧ್ಯಾಪಕರ ನಿಲುವಂಗಿಯನ್ನು ಪಟ್ಟಿಪಟ್ಟಿಯಾಗಿ ಹರಿದು ಬಳ್ಳಿಗಳನ್ನು ಕಟ್ಟಲು ಬಳಸಿದರಂತೆ! ಅಂಥವರ ಬರಹದ ಪ್ರಭಾವದಿಂದ, ಅದುವರೆಗೆ ಕೇವಲ ವ್ರತವಾಗಿದ್ದ ಸಸ್ಯಾಹಾರವು ಗಾಂಧಿಯವರಿಗೆ ಬುದ್ಧಿಪೂರ್ವಕ ಆಯ್ಕೆಯಾಯಿತು. ಮುಂದೆ ಒಂದೇ ಕೋಣೆಗೆ ವಾಸ ಬದಲಿಸಿ, ಬೆಳಗಿನ ಗಂಜಿಯನ್ನು ತಾವೇ ಬೇಯಿಸಿಕೊಂಡು, ಓಡಾಟಕ್ಕೆ ಕಾಲನ್ನೇ ನಂಬಿದರು.

ದಕ್ಷಿಣ ಆಫ್ರಿಕಾಕ್ಕೆ ಹೋದ ಮೇಲೆ, 1895ರಲ್ಲಿ, ಡರ್ಬನ್ ಸಮೀಪದ ಮೇರಿಯನ್‌ಹಿಲ್ ಎಂಬಲ್ಲಿದ್ದ ಟ್ರ್ಯಾಪಿಸ್ಟ್ ಕ್ರೈಸ್ತ ಸಂನ್ಯಾಸಿಗಳ ಮಠವನ್ನು ಅವರು ಕಂಡರು. ಆ ಸಂನ್ಯಾಸಿಗಳು ಮಾಂಸ ತಿನ್ನರು, ಮೌನ ಪಾಲಿಸುವರು, ಮರಗೆಲಸದಿಂದ ಚರ್ಮದ ಕೆಲಸದವರೆಗೆ ಎಲ್ಲವನ್ನೂ ತಮ್ಮ ಕೈಯಾರೆ ಮಾಡುವರು. ಈ ಭೇಟಿಯ ಕುರಿತು ಗಾಂಧೀಜಿ ಲಂಡನ್ನಿನ ಸಸ್ಯಾಹಾರಿಗಳ ಪತ್ರಿಕೆಗೆ ಲೇಖನವನ್ನೇ ಬರೆದರು.

1904ರಲ್ಲಿ ಜೊಹಾನ್ಸ್‌ಬರ್ಗಿನ ಸಸ್ಯಾಹಾರಿ ಭೋಜನಗೃಹವೊಂದರಲ್ಲಿ ಹೆನ್ರಿ ಪೊಲಾಕ್ ಎಂಬ ಇಂಗ್ಲಿಷ್ ಪತ್ರಕರ್ತರು ಪರಿಚಯವಾದರು. ಗಾಂಧೀಜಿ ಡರ್ಬನ್ನಿಗೆ ಹೊರಟಾಗ, ರೈಲಿನಲ್ಲಿ ಓದಲೆಂದು ಪೊಲಾಕ್ ಜಾನ್ ರಸ್ಕಿನ್ನರ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕವನ್ನು ಕೈಗಿತ್ತರು. ಅದು ಇಪ್ಪತ್ತನಾಲ್ಕು ಗಂಟೆಗಳ ಪ್ರಯಾಣ. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ವಕೀಲನ ದುಡಿಮೆಗೂ ಕ್ಷೌರಿಕನ ದುಡಿಮೆಗೂ ಬೆಲೆ ಒಂದೇ ಎಂಬ ತತ್ತ್ವವನ್ನು ಬೆಳಗಾದೊಡನೆ ಆಚರಣೆಗೆ ತರಲು ಅವರು ಸಿದ್ಧರಾದರು. ಅದೇ ವರ್ಷ ಡರ್ಬನ್ನಿನಿಂದ 14 ಮೈಲಿ ದೂರದ ಫೀನಿಕ್ಸ್‌ನಲ್ಲಿ 100 ಎಕರೆ ಭೂಮಿಯನ್ನು 1,000 ಪೌಂಡಿಗೆ ಕೊಂಡು ‘ಇಂಡಿಯನ್ ಒಪೀನಿಯನ್’ ಪತ್ರಿಕೆಯ ಮುದ್ರಣಾಲಯವನ್ನು ಅಲ್ಲಿಗೆ ಸಾಗಿಸಿದರು. ಅಲ್ಲಿ ದುಡಿಯುವ ಎಲ್ಲರಿಗೂ ತಿಂಗಳಿಗೆ ಸಮನಾಗಿ ಮೂರು ಪೌಂಡು.

ಇವರೆಲ್ಲರಿಗಿಂತ ನನ್ನ ಮನಸ್ಸನ್ನು ಸೆಳೆದವರು ಹರ್ಮನ್ ಕ್ಯಾಲನ್‌ಬಾಕ್. ಜೊಹಾನ್ಸ್‌ಬರ್ಗಿನಲ್ಲಿ ಹೆಸರಾದ ಯಹೂದಿ ವಾಸ್ತುಶಿಲ್ಪಿ; ಬಾಡಿಗೆಯನ್ನು ಬಿಟ್ಟು ತಮ್ಮೊಬ್ಬರಿಗೇ ತಿಂಗಳಿಗೆ 1,200 ರೂಪಾಯಿ ವ್ಯಯಿಸುತ್ತಿದ್ದವರು. ಗಾಂಧೀಜಿಯವರ ಸ್ನೇಹವಾದ ಮೇಲೆ ಆ ಖರ್ಚು 120 ರೂಪಾಯಿಗೆ ಇಳಿಯಿತು. 1910ರಲ್ಲಿ ಜೈಲು ಸೇರಿದ ಸತ್ಯಾಗ್ರಹಿಗಳ ಕುಟುಂಬಗಳನ್ನು ಸಾಕಲು ಹಣ ಸಾಲದಾದಾಗ, ಅವರು ತಮ್ಮ 1,100 ಎಕರೆ ತೋಟವನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. ನಗರಕ್ಕೆ 21 ಮೈಲಿ. ಸ್ವಂತ ಕೆಲಸಕ್ಕೆ ಹೋಗುವವರು ನಡೆದೇ ಹೋಗಬೇಕೆಂಬ ನಿಯಮ. ಕ್ಯಾಲನ್‌ಬಾಕ್ ಮೇರಿಯನ್‌ಹಿಲ್ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದು ಗಾಂಧೀಜಿಯವರಿಗೆ ಕಲಿಸಿದರು. ಗಾಂಧೀಜಿ ಇತರರಿಗೆ ಕಲಿಸಿದರು. ಮಧ್ಯಾಹ್ನ ಅಲ್ಲಿಯ ಮಕ್ಕಳಿಗೆ ಪಾಠ ಹೇಳುವಾಗ, ಬೆಳಗಿನಿಂದ ಮೈಮುರಿದು ದುಡಿದ ಈ ಇಬ್ಬರು ಗುರುಗಳೂ ತೂಕಡಿಸುತ್ತಿದ್ದರಂತೆ. ಊಟದ ನಂತರದ ಪೀರಿಯಡ್ಡಿನ ಕಷ್ಟವನ್ನು ಬಲ್ಲ ನನಗೆ ಈ ಸಂಗತಿ ಬಹಳ ಪ್ರಿಯವಾದುದು.

ಹೀಗೆ ಕಲಿತ ವಿದ್ಯೆ ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಿ. ತಮ್ಮನ್ನು ಜೈಲಿಗೆ ಕಳುಹಿಸಿದ ಸರ್ಕಾರದ ಮಂತ್ರಿ ಜನರಲ್ ಸ್ಮಟ್ಸ್‌ರಿಗೆ ಗಾಂಧೀಜಿ ಜೈಲಿನಲ್ಲಿ ತಾವೇ ಹೊಲಿದ ಒಂದು ಜೊತೆ ಚಪ್ಪಲಿಯನ್ನು ಕಾಣಿಕೆಯಾಗಿ ನೀಡಿದರು. ಅನೇಕ ಬೇಸಿಗೆಗಳಲ್ಲಿ ಅದನ್ನು ಮೆಟ್ಟಿದ್ದಾಗಿ 1939ರಲ್ಲಿ ಸ್ಮಟ್ಸ್ ಬರೆದಿದ್ದಾರೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚರಿತ್ರೆಗೆ ನ್ಯಾಯ ಸಲ್ಲದು. ಈ ಸರಳತೆಯನ್ನು ಗಾಂಧೀಜಿ ತಾವಾಗಿ ಆರಿಸಿಕೊಂಡರು; ಕಸ್ತೂರಬಾ ಅವರಿಗೆ ಆರಿಸಿಕೊಳ್ಳುವ ಅವಕಾಶವಿರಲಿಲ್ಲ. 1898ರಲ್ಲಿ ಡರ್ಬನ್ನಿನ ಮನೆಯಲ್ಲಿ, ಗುಮಾಸ್ತನೊಬ್ಬನ ಮೂತ್ರಪಾತ್ರೆಯನ್ನು ಅಳುತ್ತ ಒಯ್ದ ಪತ್ನಿಯನ್ನು, ನಗುತ್ತ ಒಯ್ಯಲಿಲ್ಲವೆಂದು ಕೈಹಿಡಿದು ಬಾಗಿಲವರೆಗೆ ಎಳೆದೊಯ್ದುದನ್ನು ಅವರೇ ಆತ್ಮಕಥೆಯಲ್ಲಿ ನಾಚಿಕೆಯಿಂದ ನಿವೇದಿಸಿಕೊಂಡಿದ್ದಾರೆ. ಕ್ರಮಬದ್ಧ ಶಿಕ್ಷಣ ದೊರೆಯಲಿಲ್ಲವೆಂಬ ಕೊರಗಿನಿಂದ ಹಿರಿಯ ಮಗ ಹರಿಲಾಲ 1911ರಲ್ಲಿ ತಂದೆಯನ್ನು ತೊರೆದು ಹೋದರು. ಆದರೆ 1913ರಲ್ಲಿ, ಭಾರತೀಯರ ವಿವಾಹಗಳೇ ಅಸಿಂಧುವೆನಿಸುವ ನ್ಯಾಯಾಲಯದ ತೀರ್ಪು ಬಂದ ಮೇಲೆ, ಫೀನಿಕ್ಸ್‌ನಿಂದ ಹೊರಟ ಹದಿನಾರು ಜನರ ಮೊದಲ ತಂಡದಲ್ಲಿ ಕಸ್ತೂರಬಾ ಇದ್ದರು. ಮೂರು ತಿಂಗಳ ಕಠಿಣ ಸಜೆಯನ್ನು ಅನುಭವಿಸಿದರು. ಆ ಬಾರಿ ಅವರನ್ನು ಯಾರೂ ಎಳೆದೊಯ್ಯಲಿಲ್ಲ.

ಕ್ಯಾಲನ್‌ಬಾಕ್ ಗಾಂಧೀಜಿಯವರೊಡನೆ ಭಾರತಕ್ಕೆ ಬರಲೆಂದು 1914ರಲ್ಲಿ ಹೊರಟೇಬಿಟ್ಟಿದ್ದರು. ಮಹಾಯುದ್ಧ ಆರಂಭವಾಗಿ, ಜರ್ಮನ್ ಪ್ರಜೆಯೆಂದು ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ಗೆಳೆಯನನ್ನು ಮತ್ತೆ ಕಾಣಲು ಅವರು ಭಾರತಕ್ಕೆ ಬಂದದ್ದು 1937ರಲ್ಲಿ. ಫೀನಿಕ್ಸ್ ಆಶ್ರಮವು 1985ರ ಗಲಭೆಯಲ್ಲಿ ಸುಟ್ಟುಹೋಗಿ, 2000ದಲ್ಲಿ ಪುನರುಜ್ಜೀವನಗೊಂಡಿತು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನಗರದ ಉದ್ಯೋಗ ತೊರೆದು ಹಳ್ಳಿಯಲ್ಲಿ ತೋಟ ಮಾಡುವ ಯೋಚನೆಯಲ್ಲಿದ್ದೀರಿ. ‘ಸಾರ್, ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಿದ್ದೀರಿ. ಬೇಡವೆನ್ನಲು ನಾನಾರು? ಹೊರಡುವ ಮುನ್ನ ಒಂದು ಕೈಕೆಲಸವನ್ನು ಚೆನ್ನಾಗಿ ಕಲಿಯಿರಿ. ಆ ದಾರಿಯಲ್ಲಿ ಈಗಾಗಲೇ ನಡೆದವರನ್ನು, ಲೋಕ ಅವರನ್ನು ಏನೆಂದು ಕರೆದರೂ ಸರಿ, ಹುಡುಕಿಕೊಂಡು ಹೋಗಿ ಮಾತನಾಡಿಸಿ. ಎಲ್ಲಕ್ಕಿಂತ ಮೊದಲು, ನೀರು ಹೊರುವವರು ಯಾರು, ಒಲೆಯ ಮುಂದೆ ಕೂರುವವರು ಯಾರು, ಮಕ್ಕಳ ಓದಿನ ಗತಿಯೇನು ಎಂಬುದನ್ನು ಮನೆಯವರೊಡನೆ ಕುಳಿತು ತೀರ್ಮಾನಿಸಿಕೊಳ್ಳಿ. ಅವರೂ ಮನಸಾರೆ ಒಪ್ಪಿದರೆ ಹೊರಡಿ. ನಿಮಗೆ ಶುಭವಾಗಲಿ.